ಎರಡು ಬೆರಳಿನ ಕಣ್ಣು

ಹರಿಹರದ ಹೊಳೆದಂಡೆಯಲ್ಲಿ, ಮೀನುಗಾರಿಕೆಗೆ ಹೊಸದಾಗಿ ಇಳಿಯುವ ಹುಡುಗರಿಗೆ ತಮ್ಮ ತೆಪ್ಪ ಕೊಟ್ಟು ಕಸುಬು ಕಲಿಸುವ ಅಜ್ಜ ಒಬ್ಬರಿದ್ದರು. ಕಲಿಸುತ್ತಿದ್ದರು ಅನ್ನುವುದಕ್ಕಿಂತ ಜೀವ ತಿನ್ನುತ್ತಿದ್ದರು ಅನ್ನಬೇಕು. ಯಾರೇ ಬಲೆ ತರಲಿ, "ಕಣ್ಣು ತೋರ್ಸು" ಎನ್ನುವರು. ಬಲೆಯ ಒಂದೊಂದು ಕಿಂಡಿಯೂ ಅವರ ಬಾಯಲ್ಲಿ ಕಣ್ಣು. ಅದರೊಳಗೆ ಅವರ ಎರಡು ಬೆರಳು ಸಲೀಸಾಗಿ ತೂರಿದರೆ ಮಾತ್ರ ತೆಪ್ಪ ಸಿಗುತ್ತಿತ್ತು. ಕಣ್ಣು ಸಣ್ಣದಾದರೆ ಮರಿಗಳೂ ಸಿಕ್ಕಿಬಿದ್ದು ಹೊಳೆ ಬರಿದಾಗುತ್ತದೆ ಎಂಬುದು ಅವರ ವಾದ.

ನಾನು ಗುತ್ತೂರಿನ ಕಾರ್ಖಾನೆ ಕೆಲಸ ಬಿಟ್ಟು ಅವರ ಬಳಿ ಹೋದವನು. ದಾವಣಗೆರೆ ಪೇಟೆಯಿಂದ ತಂದ ಬಲೆಯನ್ನು ಅವರೆದುರು ಹರಡಿದೆ. ನನ್ನ ಬೆರಳು ಆರಾಮಾಗಿ ತೂರಿದವು. ಅಜ್ಜನವು ಅರ್ಧಕ್ಕೇ ನಿಂತವು. ಹಗ್ಗ ಎಳೆದೆಳೆದು ಏಲಕ್ಕಿ ಬಾಳೆಹಣ್ಣಿನಂತೆ ಊದಿದ್ದ ಬೆರಳು ಅವು.

"ಅಜ್ಜಾ, ಕಣ್ಣು ಸರಿ ಐತೆ. ನಿಮ್ ಬೆರಳೇ ದಪ್ಪ!" ಎಂದು ರೇಗಿದೆ.

"ಹೌದಪ್ಪ, ದಪ್ಪನೇ. ಬಲೆ ವಾಪಸ್ ಕೊಟ್ಟು ಬಾ," ಎಂದು ಬೀಡಿ ಹಚ್ಚಿದರು.

ಬಸ್ಸು ಹತ್ತಿ ಹೋಗಿ ಬದಲಿಸಿ ತಂದೆ. ಅದೂ ನಪಾಸು. ಮತ್ತೆ ಹೋದಾಗ ಅಂಗಡಿಯ ಸಾಹೇಬರು, "ಆ ಅಜ್ಜನ್ನೇ ಕರ್ಕೊಂಡ್ ಬರ್ರಿ, ಬೆರಳಿನ ಅಳತೆ ತಗೊಂತೀನಿ," ಎಂದು ನಕ್ಕರು. ನನಗೆ ನಗು ಬರಲಿಲ್ಲ. ಮೂರನೆಯ ಬಲೆ ಪಾಸಾದಾಗ ಅಜ್ಜ ಶಹಬ್ಬಾಸ್ ಅನ್ನಲೂ ಇಲ್ಲ, ಹುಟ್ಟು ಕೈಗಿತ್ತರು, ಅಷ್ಟೇ.

ಅಜ್ಜ ಈಗಿಲ್ಲ. ತೆಪ್ಪ ನನ್ನ ಬಳಿ ಇದೆ. ಮೊನ್ನೆ ಕುಕ್ಕುವಾಡದ ಹುಡುಗನೊಬ್ಬ ಹೊಸ ಬಲೆ ಹೊತ್ತು ಬಂದ. ಬಲೆಯ ಕಣ್ಣಿಗೆ ಎರಡು ಬೆರಳು ತೂರಿಸಿದೆ. ಅರ್ಧಕ್ಕೇ ನಿಂತವು.

ಹುಡುಗ ಸಿಡುಕಿದ: "ಬಲೆ ಸರಿ ಐತಣ್ಣಾ. ನಿಮ್ ಬೆರಳೇ ದಪ್ಪ!"