ಎಡಗೆನ್ನೆ ಕುಟ್ಟಿದ ಹಸಿರು ಚುಕ್ಕಿ

ಕಟ್ಟುಕತೆ ಎನ್ನುವವರು ಎನ್ನಲಿ, ನನಗೇನೂ ಆಗಬೇಕಿಲ್ಲ. ನಾನು ಕಣ್ಣಾರೆ ಕಂಡದ್ದು ಇದು. ನೆನೆದರೆ ಈಗಲೂ ಹೆದರಿಕೆಗಿಂತ ಮೊದಲು ಸಿಟ್ಟು ಬರುತ್ತದೆ.

ಕೊಡಗಿನ ಒಂದು ಆಸ್ಪತ್ರೆಯಲ್ಲಿ, ಮುಖದ ಮೂಳೆ ಆಪರೇಷನ್ನಿಗೆ ದಾರಿ ತೋರಿಸುವ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಒಂದು ಕೆನ್ನೆಮೂಳೆ ಒಡೆದರೆ, ಚೆನ್ನಾಗಿರುವ ಇನ್ನೊಂದು ಕೆನ್ನೆಯ ಸ್ಕ್ಯಾನನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಒಡೆದ ಕಡೆ ಕೂರಿಸುತ್ತೇವೆ. ಆ ಅಳತೆಗೇ ಡಾಕ್ಟರು ಮೂಳೆ ಜೋಡಿಸುತ್ತಾರೆ.

ಕೊಡ್ಲಿಪೇಟೆ ಕಡೆಯ ಶಿವಣ್ಣ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಬಲಗೆನ್ನೆ ಒಡೆದುಕೊಂಡಿದ್ದರು. ಆಪರೇಷನ್ನಿನ ಹಿಂದಿನ ಸಂಜೆ ಅವರ ಹೆಂಡತಿ ಗಿರಿಜಮ್ಮ ಡಾಕ್ಟರನ್ನು ತಡೆದರು.

"ಸಾರ್, ಇವ್ರು ಚಿಕ್ಕೋರಿದ್ದಾಗ ಹಸ ಒದ್ದು ಎಡಗೆನ್ನೆ ಒಳಿಕ್ಕೆ ಹೋಗಿತ್ತಂತೆ. ನಮ್ಮತ್ತೆ ಹೇಳೋರು..."

"ಈಗ ಏಟು ಬಿದ್ದಿರೋದು ಬಲಗಡೆಗೆ ಕಣಮ್ಮ! ನಂಗೆ ಪಾಠ ಹೇಳ್ಬೇಡ," ಎಂದು ಡಾಕ್ಟರು ಗದರಿದರು. ಎಂಥ ದುರಹಂಕಾರ! ಗಿರಿಜಮ್ಮ ನನ್ನ ಮುಖ ನೋಡಿದರು. ನನಗೋ ಯಂತ್ರ ಪರೀಕ್ಷೆ ಮುಗಿಸಿ ಕೊನೇ ಬಸ್ಸು ಹಿಡಿಯುವ ಆತುರ. "ಆಯ್ತು, ಹೋಗಿ ಕೂತ್ಕೊಳಿ," ಎಂದುಬಿಟ್ಟೆ.

ಕತ್ತಲಾಗಿತ್ತು. ಖಾಲಿ ಆಪರೇಷನ್ ಥಿಯೇಟರಿನಲ್ಲಿ ಒಬ್ಬಳೇ ಯಂತ್ರ ಪರೀಕ್ಷೆ ಮಾಡುತ್ತಿದ್ದೆ. ಪರದೆಯ ಮೇಲೆ ಶಿವಣ್ಣನ ತಲೆಬುರುಡೆ ಮೂಡಿತು. ಆಗ ಮೂಗಿಗೆ ಏನೋ ಬಡಿಯಿತು... ಸ್ಪಿರಿಟ್ ಅಲ್ಲ. ಸಗಣಿ, ಒಣಹುಲ್ಲು. ಕೊಟ್ಟಿಗೆಯ ವಾಸನೆ!

ಬುರುಡೆಯ ಮೇಲೆ ಹಸಿರು ಚುಕ್ಕಿಯೊಂದು ಕಾಣಿಸಿತು. ನಾವು ಅಳತೆಯ ಕಡ್ಡಿ ಹಿಡಿದು ರೋಗಿಯ ಮುಖ ಮುಟ್ಟಿದಾಗ ಮಾತ್ರ ಬರುವ ಚುಕ್ಕಿ ಅದು. ಮೆಲ್ಲಗೆ ಜಾರಿ ಎಡಗೆನ್ನೆಯ ಮೇಲೆ ನಿಂತಿತು. ಬೀಪ್... ಬೀಪ್... ಒಂದೇ ಜಾಗ ಕುಟ್ಟತೊಡಗಿತು.

"ಯಾರದು?" ಎಂದೆ. ತಿರುಗಿ ನೋಡಿದರೆ ಯಾರೂ ಇರಲಿಲ್ಲ.

ಆ ಜಾಗವನ್ನು ದೊಡ್ಡದು ಮಾಡಿ ನೋಡಿದೆ. ಮೂಳೆ ಒಳಕ್ಕೆ ಕುಸಿದು ಕೂಡಿಕೊಂಡ ಹಳೆಯ ಗೆರೆ! ನಾನು ಹಾಕಿದ್ದ ಅಳತೆಗೆ ಜೋಡಿಸಿದ್ದರೆ ಬಲಗೆನ್ನೆಯೂ ಹಾಗೇ ಕುಸಿದು, ಕಣ್ಣಿನ ಗೂಡು ಕೆಟ್ಟು, ಶಿವಣ್ಣನಿಗೆ ಒಂದು ಏಣಿ ಎರಡಾಗಿ ಕಾಣುತ್ತಿತ್ತು. ಮತ್ತೆ ಮರ ಹತ್ತುವುದೆಲ್ಲಿ ಬಂತು?

ಡಾಕ್ಟರಿಗೆ ಫೋನ್ ಮಾಡಿದೆ. "ಬೆಳಿಗ್ಗೆ ನೋಡೋಣ ಬಿಡ್ರೀ," ಎಂದರು.

"ಈಗ್ಲೇ ಬನ್ನಿ ಸಾರ್! ಆಯಮ್ಮ ಬಾಯಿಬಿಟ್ಟು ಹೇಳಿದ್ರೂ ನಾವಿಬ್ರೂ ಕಿವಿಗೆ ಹಾಕ್ಕೊಳ್ಳಿಲ್ಲ!" ಎಂದು ಕೂಗಿಬಿಟ್ಟೆ.

ಬಂದರು, ನೋಡಿದರು. ಬಲಗೆನ್ನೆ ಮೊದಲು ಹೇಗಿತ್ತೆಂದು ನೋಡಲು ಗಿರಿಜಮ್ಮನಿಂದ ಮದುವೆ ಫೋಟೋ ತರಿಸಿ, ಬೇರೆ ಅಳತೆ ಹಾಕಿ, ಎರಡು ದಿನ ಬಿಟ್ಟು ಆಪರೇಷನ್ ಮಾಡಿದರು. ಕಣ್ಣು ಉಳಿಯಿತು.

ಆದರೆ ಚುಕ್ಕಿ ಕಂಡ ಆ ರಾತ್ರಿ ಯಂತ್ರ ಆರಿಸುವಾಗ ಅಲಮಾರಿ ತೆರೆದಿದ್ದೆ. ಕಡ್ಡಿ ಅಲ್ಲೇ ಇತ್ತು. ಅದಕ್ಕೆ ಸಿಕ್ಕಿಸುವ ಹೊಳೆಯುವ ಗೋಲಿಗಳಿಲ್ಲದೆ ಯಂತ್ರದ ಕ್ಯಾಮೆರಾಕ್ಕೆ ಕಡ್ಡಿ ಕಾಣುವುದೇ ಇಲ್ಲ. ಗೋಲಿಗಳ ಪ್ಯಾಕೆಟ್ಟಿನ ಸೀಲು ಇನ್ನೂ ಒಡೆದಿರಲಿಲ್ಲ...

ಮನೆಗೆ ಹೊರಡುವ ದಿನ ಗಿರಿಜಮ್ಮ ನನ್ನ ಕೈ ಹಿಡಿದುಕೊಂಡರು. "ಕಡೆಗಾದ್ರೂ ನನ್ ಮಾತು ಕೇಳಿದ್ರಲ್ಲ ಮೇಡಮ್, ಪುಣ್ಯಾತ್ಗಿತ್ತಿ ನೀವು."

ನಾಚಿಕೆಯಿಲ್ಲದೆ ತಲೆಯಾಡಿಸಿದೆ. ಕೇಳಿದ್ದು ನಾನಲ್ಲ. ಯಾರು ಎಂದು ಇವತ್ತಿಗೂ ಗೊತ್ತಿಲ್ಲ.