ಅಣ್ಣಯ್ಯನ ಬೆರಳಿಗೆ ಸಿಕ್ಕ ಹಾಡಿನ ಪೆಟ್ಟಿಗೆ

ನನ್ನ ಅಣ್ಣಯ್ಯ ತನ್ನ ಕಣ್ಣು ಹೋಗುತ್ತಿರುವುದನ್ನು ಒಂದು ವರ್ಷ ಯಾರಿಗೂ ಹೇಳಲಿಲ್ಲ. ನನಗೆ ಗೊತ್ತಾದದ್ದು ಅವನ ಕ್ಯಾಸೆಟ್ಟುಗಳಿಂದ.

ಆಗ ನಾನು ತಿಪಟೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸದಲ್ಲಿದ್ದೆ. ಅಣ್ಣಯ್ಯ ನನಗಿಂತ ಹದಿನಾಲ್ಕು ವರ್ಷ ದೊಡ್ಡವನು. ತುರುವೇಕೆರೆ ತಾಲ್ಲೂಕಿನಲ್ಲಿ, ಸಂಪಿಗೆಯಿಂದ ಒಂದಿಷ್ಟು ಒಳಕ್ಕಿರುವ ನಮ್ಮೂರಲ್ಲೇ ಇದ್ದುಕೊಂಡು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು, ನಿವೃತ್ತನಾದ ಮೇಲೆ ತೆಂಗಿನ ತೋಟ ನೋಡಿಕೊಳ್ಳುತ್ತಿದ್ದ. ಅವನಿಗೆ ಇದ್ದದ್ದು ಒಂದೇ ಖಯಾಲಿ, ಹಾಡು ಕೇಳುವುದು. ತಿಪಟೂರಿನ ರೇಡಿಯೋ ರಿಪೇರಿಯವರೊಬ್ಬರು ಅವನಿಗಾಗಿ ಒಂದು ಆಂಪ್ಲಿಫೈಯರ್ ಕಟ್ಟಿಕೊಟ್ಟಿದ್ದರು. ಹಿತ್ತಲಲ್ಲಿ ಬಿದ್ದ ಹಲಸಿನ ಮರದಿಂದ ಊರಿನ ಆಚಾರಿ ಎರಡು ಸ್ಪೀಕರ್ ಪೆಟ್ಟಿಗೆ ಮಾಡಿದ್ದ. ಗೋಡೆಯ ಬೀರುವಿನ ತುಂಬ ಕ್ಯಾಸೆಟ್ಟು, ಇನ್ನೂರಕ್ಕೂ ಮಿಕ್ಕಿ. ಬೆಳಗಿನ ರೇಡಿಯೋದಿಂದ ಹಿಡಿದಿಟ್ಟ ಸಂಗೀತ, ಹರಿಕಥೆ, ನೆಂಟರ ಮದುವೆಗಳ ನಾಗಸ್ವರ, ಭಜನೆ ಮನೆಯ ತತ್ವಪದ. ಒಂದೊಂದರ ಮೇಲೂ ಮೇಷ್ಟರ ದುಂಡು ಅಕ್ಷರದಲ್ಲಿ ರಾಗ, ತಾಳ, ಹಾಡಿದವರ ಹೆಸರು.

ಒಂದು ಭಾನುವಾರ ಹೋಗಿದ್ದಾಗ, ನನಗೆ ಒಂದು ಹಳೆಯ ತತ್ವಪದ ಕೇಳಿಸುತ್ತೇನೆಂದು ಎದ್ದ. ಬೀರುವಿನ ಮುಂದೆ ನಿಂತು ಸಾಲಿನ ಮೇಲೆ ಬೆರಳು ಓಡಿಸಿ ಒಂದನ್ನು ತೆಗೆದು ಹಾಕಿದ. ಬಂದದ್ದು ನಾಗಸ್ವರ.

"ಇದಲ್ವಲ್ಲ ಅಣ್ಣಯ್ಯ ನೀನು ಹೇಳಿದ್ದು?"

"ಇದೇ ಕೇಳಾನ ಬುಡು. ಮನಸ್ಸು ಬದಲಾಯ್ತು."

ಅವನು ತೋಟದ ಕಡೆ ಹೋದಾಗ ನಾನು ಬೀರು ತೆಗೆದು ನೋಡಿದೆ. ಪ್ರತಿ ಕವರಿನ ಅಂಚಿನಲ್ಲೂ ಚಾಕುವಿನ ಗಾಯ. ಒಂದಕ್ಕೆ ಒಂದು ಗೀರು, ಇನ್ನೊಂದಕ್ಕೆ ಎರಡು, ಮತ್ತೊಂದಕ್ಕೆ ಓರೆಯಾಗಿ ಮೂರು. ಅತ್ತಿಗೆ ಬಾಗಿಲಲ್ಲಿ ನಿಂತು, "ಇಲಿ ಕಡ್ದೈತೆ ಕಣಮ್ಮ, ಬೋನು ಇಟ್ರೂ ಬೀಳ್ತಿಲ್ಲ" ಎಂದರು. ಇಲಿ ಲೆಕ್ಕ ಇಟ್ಟು ಕಡಿಯುವುದಿಲ್ಲ ಎಂದು ನನಗೆ ಹೊಳೆಯಿತು. ಸಾಯಂಕಾಲ ಬಸ್ಸಿನವರೆಗೂ ಬಿಡಲು ಬಂದ ಅಣ್ಣಯ್ಯನನ್ನೇ ಕೇಳಿದೆ. ಅವನು ರಸ್ತೆಯ ಕಡೆಗೇ ಮುಖ ಮಾಡಿಕೊಂಡು, "ಹೋದ ವರ್ಷದ ಗೌರಿ ಹಬ್ಬದಿಂದ ಅಕ್ಷರ ಓದಕ್ಕಾಗ್ತಿಲ್ಲ. ನಿಮ್ಮತ್ತಿಗೆಗೆ ಹೇಳಬ್ಯಾಡ ಕಣೇ" ಎಂದ.

ಹೇಳದೆ ಇರಲಾಗಲಿಲ್ಲ. ತುಮಕೂರಿನ ಕಣ್ಣಿನ ಡಾಕ್ಟರರು ನೋಡಿ, ಕಣ್ಣಿನ ನರ ಒಣಗುತ್ತಿದೆ, ಹೋದದ್ದು ವಾಪಸ್ ಬರುವುದಿಲ್ಲ, ಉಳಿದಿರುವುದನ್ನು ಆದಷ್ಟು ದಿನ ಉಳಿಸಿಕೊಳ್ಳಲು ನೋಡೋಣ ಎಂದು ಹನಿ ಔಷಧಿ ಬರೆದುಕೊಟ್ಟರು. ಬರುವಾಗ ಬಸ್ಸಿನಲ್ಲಿ ಅತ್ತಿಗೆ ಅಣ್ಣಯ್ಯನ ಜೊತೆ ಒಂದು ಮಾತೂ ಆಡಲಿಲ್ಲ. ಕಾಯಿಲೆಗಿಂತ ಹೆಚ್ಚಾಗಿ, ಮುಚ್ಚಿಟ್ಟದ್ದು ಅವರನ್ನು ನೋಯಿಸಿತ್ತು.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿದ್ದ ಕಾಲ ಅದು. ತಿಪಟೂರಿನಲ್ಲೂ ಕಂಪ್ಯೂಟರ್ ಅಂಗಡಿಗಳು ಬಂದಿದ್ದವು. ಹಾಡುಗಳನ್ನೆಲ್ಲ ಹಾರ್ಡ್ ಡಿಸ್ಕಿಗೆ ತುಂಬಿಬಿಟ್ಟರೆ ಕ್ಯಾಸೆಟ್ ಹುಡುಕುವ ತಾಪತ್ರಯವೇ ಇರದು ಎಂದು ನಾನು ಒಬ್ಬಳೇ ತೀರ್ಮಾನಿಸಿದೆ. ಅಣ್ಣಯ್ಯನನ್ನು ಒಂದು ಮಾತು ಕೇಳಲಿಲ್ಲ. ಒಂದು ಕಂಪ್ಯೂಟರ್ ಕೊಂಡು, ಸದ್ಯಕ್ಕೆ ನಾಲ್ಕು ಹಾಡು ತುಂಬಿಸಿ, ವ್ಯಾನಿನಲ್ಲಿ ಹಾಕಿಸಿಕೊಂಡು ಹೋಗಿ, ಅವನ ಆಂಪ್ಲಿಫೈಯರಿಗೆ ತಂತಿ ಕೊಟ್ಟು, ಕುರ್ಚಿ ಎಳೆದು ಕೂರಿಸಿ, ಅವನ ಕೈಯನ್ನು ಮೌಸಿನ ಮೇಲೆ ಇಟ್ಟೆ.

"ಇಲ್ಲಿ ಬಾಣ ಕಾಣುತ್ತಲ್ಲ, ಅದನ್ನ ಹೆಸರಿನ ಮೇಲೆ ತಗೊಂಡೋಗಿ ಒತ್ತು."

ಅವನು ಮುಖವನ್ನು ಪರದೆಗೆ ತಾಗುವಷ್ಟು ಹತ್ತಿರ ತಂದ. ಕೈ ಸ್ವಲ್ಪ ಆಡಿಸಿದ. ಬಾಣ ಎಲ್ಲೋ ಮೂಲೆಗೆ ಓಡಿತು. ಮತ್ತೆ ಆಡಿಸಿದ. ನಲವತ್ತು ಮಕ್ಕಳನ್ನು ಒಂದು ನೋಟದಲ್ಲಿ ಸುಮ್ಮನಾಗಿಸುತ್ತಿದ್ದ ಮನುಷ್ಯ, ಕೊನೆಗೆ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ನಿನ್ನ ಕಣ್ಣಿಗೆ ಸರಿಹೋಗೋದನ್ನ ತಂದಿದೀಯ" ಎಂದ. "ಇದರ ಫ್ಯಾನು ಬೇರೆ. ಯಾರೋ ಪಕ್ಕದಲ್ಲಿ ಕೂತು ಉಸಿರು ಬಿಡ್ತಾ ಇದ್ದಂಗೈತೆ. ಹಾಡಿನ ಮಧ್ಯೆ ಆ ಉಸಿರೇ ಕೇಳುತ್ತೆ."

ಕಂಪ್ಯೂಟರ್ ವಾಪಸ್ ತಂದು ನಮ್ಮ ಮನೆಯಲ್ಲಿ ಇಟ್ಟುಕೊಂಡೆ. ನಾಚಿಕೆಯಿಂದ ಎರಡು ಮೂರು ವಾರ ಊರಿನ ಕಡೆ ಹೋಗಲಿಲ್ಲ. ಒಂದು ಮಧ್ಯಾಹ್ನ ಅತ್ತಿಗೆ ಎಕ್ಸ್‌ಚೇಂಜಿಗೇ ಫೋನು ಮಾಡಿದರು. ಅವರು ಹಾಗೆ ಮಾಡಿದವರೇ ಅಲ್ಲ.

"ಇವ್ರು ಹಾಡು ಹಾಕೋದೇ ಬಿಟ್ಟವ್ರೆ ಕಣಮ್ಮ. ಗೋಡೆಗೆ ಒರಗಿ ಸುಮ್ನೆ ಕೂತಿರ್ತಾರೆ. ಮೂವತ್ತು ವರ್ಷದಿಂದ ಸೌಂಡು ಕಮ್ಮಿ ಮಾಡಿ ಅಂತ ನಾನೇ ಬೈತಿದ್ದೆ. ಈಗ ಈ ಮನೇಲಿ ಒಬ್ಳೇ ಇದ್ದಂಗಾಗುತ್ತೆ."

ಆ ವಾರವೇ ರಜೆ ಹಾಕಿ ಮೂವರೂ ಬೆಂಗಳೂರಿಗೆ ಹೋದೆವು. ಒಳ್ಳೆಯ ಸ್ಟೀರಿಯೋಗಳನ್ನು ಮಾರುವ ಒಂದು ಅಂಗಡಿಯಲ್ಲಿ, ಮನೆಯ ಆಂಪ್ಲಿಫೈಯರಿಗೆ ಜೋಡಿಸುವ, ಹಾಡು ತುಂಬಿಡುವ ಪೆಟ್ಟಿಗೆಗಳು ಬಂದಿವೆ, ಮ್ಯೂಸಿಕ್ ಸರ್ವರ್ ಅನ್ನುತ್ತಾರೆ ಎಂದು ವಿಚಾರಿಸಿಕೊಂಡಿದ್ದೆ. ಅತ್ತಿಗೆ, "ಸರ್ವರ್ ಅಂದ್ರೆ ಹೋಟ್ಲಲ್ಲಿ ಬಡ್ಸೋನಲ್ವಾ?" ಎಂದಾಗ ಅಣ್ಣಯ್ಯ ಬಹಳ ದಿನದ ಮೇಲೆ ನಕ್ಕ. "ಇವನೂ ಅದೇ ಕೆಲ್ಸದೋನೇ ಕಣೇ. ಕೇಳಿದ್ದನ್ನ ತಂದು ಬಡಿಸ್ತಾನೆ."

ಅಂಗಡಿಯಾತ ಎಲ್ಲವನ್ನೂ ನನಗೆ ತೋರಿಸಿ ನನಗೇ ವಿವರಿಸುತ್ತಿದ್ದ. ಈ ಸಲ ನಾನು ಹಿಂದೆ ಸರಿದು, "ಅವರಿಗೆ ಹೇಳಿ, ಬಳಸೋರು ಅವರು" ಎಂದೆ. ಅಣ್ಣಯ್ಯ ಮೇಜಿನ ಮೇಲಿದ್ದ ಮೂರು ಪೆಟ್ಟಿಗೆಗಳನ್ನು ಒಂದೊಂದಾಗಿ ಎರಡೂ ಕೈಯಿಂದ ತಡವಿದ. ಮೊದಲನೆಯದಕ್ಕೆ ಗುಂಡಿಯೇ ಇಲ್ಲ, ಟೀವಿಗೆ ಜೋಡಿಸಿ ಪಟ್ಟಿ ನೋಡಿಯೇ ಆರಿಸಬೇಕು. ಎರಡನೆಯದಕ್ಕೆ ಒಂದೇ ಒಂದು ದುಂಡು ತಿರುಗಣೆ. ನುಣ್ಣಗೆ ತಿರುಗುತ್ತಿತ್ತು, ಎಲ್ಲಿ ನಿಂತಿತೆಂದು ಬೆರಳಿಗೆ ತಿಳಿಯುವಂತಿರಲಿಲ್ಲ. ಮೂರನೆಯದು ಕಪ್ಪಗೆ, ದಪ್ಪಗೆ, ನೋಡಲು ಚೆನ್ನಾಗಿರಲಿಲ್ಲ. ಅದರ ರಿಮೋಟಿನ ಮೇಲೆ ಒಂದರಿಂದ ಒಂಬತ್ತು, ಕೆಳಗೆ ಸೊನ್ನೆ. ಐದರ ಮೇಲೆ ಒಂದು ಉಬ್ಬು ಚುಕ್ಕೆ, ನಮ್ಮ ಟೆಲಿಫೋನುಗಳಲ್ಲಿ ಇರುವ ಹಾಗೆಯೇ. ಯಾವ ಹಾಡಿಗೆ ಯಾವ ನಂಬರು ಕೊಟ್ಟಿರುತ್ತೇವೋ ಅದನ್ನು ಒತ್ತಿದರೆ ಆಯಿತು.

"ಇದು ಹಳೇ ಮಾಡೆಲ್ ಸಾರ್, ಈಗ ಯಾರೂ ತಗೊಳ್ಳಲ್ಲ" ಎಂದ ಅಂಗಡಿಯಾತ.

"ಹಾಡ್ತಾ ಇರೋವಾಗ ಪ್ಲಗ್ ಕೀಳಪ್ಪ" ಎಂದ ಅಣ್ಣಯ್ಯ.

"ಸಾರ್?"

"ನಮ್ಮೂರಲ್ಲಿ ಕರೆಂಟು ಹೇಳಿ ಹೋಗಲ್ಲ. ಕಿತ್ತು ಹಾಕು, ನೋಡಾನ."

ಅಂಗಡಿಯಾತ ಅನುಮಾನಿಸುತ್ತಲೇ ಕಿತ್ತ. ಮತ್ತೆ ಹಾಕಿದಾಗ ಆ ಕಪ್ಪು ಪೆಟ್ಟಿಗೆ ತುಸು ಹೊತ್ತು ಸುಮ್ಮನಿದ್ದು ಅದೇ ಹಾಡನ್ನು ಮೊದಲಿಂದ ಶುರು ಮಾಡಿತು. ಅಣ್ಣಯ್ಯ ಕಿವಿಯನ್ನು ಪೆಟ್ಟಿಗೆಯ ಮೇಲೆ ಇಟ್ಟ. ಫ್ಯಾನಿನ ಸದ್ದಿರಲಿಲ್ಲ. "ಇದೇ ಇರಲಿ" ಎಂದ.

ಕ್ಯಾಸೆಟ್ಟುಗಳನ್ನು ಅದಕ್ಕೆ ತುಂಬಿಸಲು ಆರು ತಿಂಗಳು ಹಿಡಿಯಿತು. ಟೇಪ್ ರೆಕಾರ್ಡರಿನಿಂದ ತಂತಿ ಎಳೆದು, ಒಂದು ಗಂಟೆಯ ಹಾಡನ್ನು ಒಂದು ಗಂಟೆಯೇ ಕೂತು ಇಳಿಸಬೇಕು. ಎಷ್ಟೋ ಟೇಪುಗಳಿಗೆ ಬೂಷ್ಟು ಹಿಡಿದಿತ್ತು, ಹತ್ತಿಪ್ಪತ್ತು ಉಳಿಯಲೇ ಇಲ್ಲ. ನಂಬರುಗಳನ್ನು ಅಣ್ಣಯ್ಯನೇ ಕೊಟ್ಟ. ನೂರರಿಂದ ಹರಿಕಥೆ, ಇನ್ನೂರರಿಂದ ನಾಗಸ್ವರ, ಹೀಗೆ. ಆದರೆ ಎಲ್ಲವೂ ನೆನಪಿನಲ್ಲಿ ನಿಲ್ಲಲಿಲ್ಲ. ಹಾಡಿಗೆ ಮುಂಚೆ ಅದು ಏನೆಂದು ಯಾರಾದರೂ ಹೇಳಿ ಸೇರಿಸಿದ್ದರೆ ಚೆನ್ನ ಎಂದ. ನನಗೆ ಇರುವುದು ಭಾನುವಾರವೊಂದೇ. ಏನು ಮಾಡುವುದೆಂದು ಮಾತಾಡುತ್ತಿರುವಾಗ ಅತ್ತಿಗೆ ಅಡುಗೆಮನೆಯಿಂದಲೇ, "ನಾನು ಓದ್ಲಾ?" ಎಂದರು.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ಟೇಪ್ ರೆಕಾರ್ಡರಿನ ಮೈಕಿನ ಮುಂದೆ ಸೆರಗು ಸರಿಮಾಡಿಕೊಂಡು ಕೂತು, ಅಕ್ಷರಕ್ಕೆ ಅಕ್ಷರ ಕೂಡಿಸಿ ಅಣ್ಣಯ್ಯನ ಬರಹವನ್ನು ಓದಿದರು. ಶಂಕರಾಭರಣ ಅನ್ನುವುದು ಮೂರು ತುಂಡಾಗಿ ಬರುತ್ತಿತ್ತು. ಮೊದಮೊದಲು ಅಣ್ಣಯ್ಯ ಮೇಷ್ಟರ ಧಾಟಿಯಲ್ಲಿ ತಿದ್ದಿದ. "ನೀವೇ ಓದ್ಕಳಿ ಹಂಗಾದ್ರೆ" ಎಂದು ಅತ್ತಿಗೆ ಎದ್ದೇ ಹೋದರು. ಆಮೇಲೆ ಏನು ಹೇಳಿ ಕರೆದನೋ, ಮುಂದಿನ ಭಾನುವಾರ ನಾನು ಹೋಗುವಷ್ಟರಲ್ಲಿ ಹನ್ನೆರಡು ಕ್ಯಾಸೆಟ್ ಮುಗಿದಿದ್ದವು. ಓದಿದ್ದಾದ ಮೇಲೆ ಹಾಡು ಇಳಿಯುವವರೆಗೂ ಅವರು ಹುಣಸೆಹಣ್ಣು ಬಿಡಿಸುತ್ತಲೋ ಅವರೆಕಾಯಿ ಸುಲಿಯುತ್ತಲೋ ಅಲ್ಲೇ ಕೂತಿರುತ್ತಿದ್ದರು. ಹಾಗೆ ಅವರೂ ಎಲ್ಲ ಹಾಡನ್ನೂ ಕೇಳಿದರು. ಮೂವತ್ತು ವರ್ಷದಲ್ಲಿ ಅವರಿಬ್ಬರೂ ಒಟ್ಟಿಗೆ ಕೂತು ಹಾಡು ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುವರ್ಷ ಅಣ್ಣಯ್ಯನಿಗೆ ಪೂರ್ತಿ ಕಾಣದಾಯಿತು. ಅದು ಯಾವ ದಿನ ಎಂದು ನಮಗೆ ಗೊತ್ತಾಗಲಿಲ್ಲ. ಊಟದ ತಟ್ಟೆಯನ್ನು ತಡವುವುದು ಕಂಡು ಅತ್ತಿಗೆ ಅನುಮಾನಪಟ್ಟರು. ನಾನು ಹೋಗಿ ಕೇಳಿದಾಗ ಅವನು ಸಮಾಧಾನವಾಗಿಯೇ ಹೇಳಿದ.

"ಹಾಡು ಕೇಳ್ತಾ ಇದ್ದೆ. ಸಂಜೆಯಾಗ್ತೈತೆ ಅನ್ಕೊಂಡೆ. ಆಮೇಲೆ ನಿಮ್ಮತ್ತಿಗೆ ಬಂದು ಊಟಕ್ಕೇಳಿ, ಮಧ್ಯಾಹ್ನ ಎರಡು ಗಂಟೆ ಆಯ್ತು ಅಂದ್ಲು."

"ಆಗ್ಲೇ ಯಾಕೆ ಹೇಳ್ಲಿಲ್ಲ ಅಣ್ಣಯ್ಯ?"

"ಹೇಳಿದ್ರೆ ನೀವು ಹಾಡು ನಿಲ್ಲಿಸಿ ಅಳ್ತಿದ್ರಿ. ಅವಳು ಓದಿದ್ದು ಇನ್ನೂ ಎಷ್ಟೋ ಕೇಳೋದಿತ್ತು ಕಣೇ."

ನಾನು ಅವನ ಪಕ್ಕದಲ್ಲಿ ಚಾಪೆಯ ಮೇಲೆ ಕೂತೆ. ಅತ್ತಿಗೆ ಮೂರು ಲೋಟ ಕಾಫಿ ತಂದರು. ಒಂದನ್ನು ಅವನ ಕೈಗೆ ಕೊಟ್ಟು, ಬೆರಳು ಲೋಟವನ್ನು ಸರಿಯಾಗಿ ಹಿಡಿದುಕೊಳ್ಳುವವರೆಗೂ ತಮ್ಮ ಕೈ ತೆಗೆಯಲಿಲ್ಲ.