ಪಿನ್ನಮ್ಮನ ಶುಕ್ರವಾರದ ಹಾಳೆ

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಒಂಬತ್ತನೇ ತರಗತಿಗೆ ಓದು ಬಿಟ್ಟು ಎರಡು ವರ್ಷವಾಯಿತು. ಈ ಎರಡು ವರ್ಷದಲ್ಲಿ ಅಪ್ಪನ ಅಂಗಡಿಯಲ್ಲಿ ಗುಂಡಿ ಹೊಲಿದದ್ದೇ ಹೆಚ್ಚು, ಬರೆದದ್ದು ಕಡಿಮೆ. ಇದನ್ನು ಮೂರು ಸಲ ತಿದ್ದಿ ಬರೆದಿದ್ದೇನೆ. ಆದರೂ ಪದ ತಪ್ಪಿದ್ದರೆ ಶಾಲೆಯವರನ್ನು ಬೈಯಬೇಡಿ, ಅವರು ಸರಿಯಾಗಿಯೇ ಕಲಿಸಿದ್ದರು.

ಪಿನ್ನಮ್ಮ ಈ ತಿಂಗಳ ಕೊನೆಯ ಶುಕ್ರವಾರ ನಿವೃತ್ತರಾಗುತ್ತಾರೆ, ಹಳೆಯ ಮಕ್ಕಳು ಅವರ ಬಗ್ಗೆ ಏನಾದರೂ ಬರೆದುಕೊಡಿ ಎಂದು ಹೋದ ವಾರ ಶಾಲೆಯ ಹಾಳೆಯಲ್ಲಿತ್ತು. ಮೂರನೇ ತರಗತಿಯಲ್ಲಿರುವ ನನ್ನ ತಂಗಿ ಅದನ್ನು ಮನೆಗೆ ತಂದಳು. ಅದಕ್ಕೇ ಬರೆಯುತ್ತಿದ್ದೇನೆ. ಇದರಲ್ಲಿ ನಮ್ಮಪ್ಪನ ವಿಷಯವೂ ಬರುತ್ತದೆ. ಅವರನ್ನು ಕೇಳಿಯೇ ಬರೆದಿದ್ದೇನೆ.

ಹೊಸದಾಗಿ ಮಕ್ಕಳನ್ನು ಸೇರಿಸಿದವರಿಗೆ ಪಿನ್ನಮ್ಮ ಎಂದರೆ ಗಂಟೆ ಹೊಡೆಯುವವರು, ನೀರಿನ ಡ್ರಮ್ಮು ತುಂಬಿಸುವವರು ಅಷ್ಟೇ. ನಮಗೆ ಅವರು ಶುಕ್ರವಾರ ಆಗಿದ್ದರು. ಶುಕ್ರವಾರ ಮೂರೂಕಾಲಿಗೆ ದೊಡ್ಡ ಟೀಚರ್ ಕೋಣೆಯಿಂದ ಪೋಷಕರ ಹಾಳೆ ಹೊರಗೆ ಬರುತ್ತಿತ್ತು. ಜೆರಾಕ್ಸ್ ಯಂತ್ರದಿಂದ ಆಗಷ್ಟೇ ಬಂದ ಹಾಳೆಗಳು ಬಿಸಿ ಬಿಸಿಯಾಗಿರುತ್ತಿದ್ದವು, ಚಳಿಗಾಲದಲ್ಲಿ ನಾವು ಅವನ್ನು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದೆವು. ಕೈಗೆ ಕೊಟ್ಟರೆ ಮಕ್ಕಳು ದೋಣಿ ಮಾಡುತ್ತಾರೆ ಎಂದು ಪಿನ್ನಮ್ಮ ನಮ್ಮನ್ನು ಗೇಟಿನ ಬಳಿ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಎದೆಗೂ ಹಾಳೆಯನ್ನು ಮಡಚಿ ಪಿನ್ನು ಹಾಕುತ್ತಿದ್ದರು. ಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡುತ್ತಿದ್ದರು.

"ಅಲ್ಲಾಡಬೇಡ. ಚುಚ್ಚಿದ್ರೆ ನಿಮ್ಮಮ್ಮ ನನ್ನನ್ನ ಚುಚ್ತಾಳೆ."

ನೂರಾ ಹದಿನೆಂಟು ಮಕ್ಕಳಲ್ಲಿ ಒಬ್ಬರಿಗೂ ಚುಚ್ಚಿದ್ದು ನನಗೆ ನೆನಪಿಲ್ಲ.

ಹಾಳೆಯಲ್ಲಿ ದೊಡ್ಡ ಸುದ್ದಿ ಏನೂ ಇರುತ್ತಿರಲಿಲ್ಲ. ಸೋಮವಾರ ಹೇನು ನೋಡಲಾಗುವುದು, ತಲೆ ಬಾಚಿ ಕಳಿಸಿ. ನೀರಿನ ಬಾಟಲಿಗೆ ಹೆಸರು ಬರೆಯಿರಿ. ಎಡಗಾಲಿನ ಕೆಂಪು ಚಪ್ಪಲಿಯೊಂದು ಸಿಕ್ಕಿದೆ, ಬಲಗಾಲಿನದು ಯಾರ ಮನೆಯಲ್ಲಿದೆಯೋ ಅವರು ಬನ್ನಿ. ಆ ಚಪ್ಪಲಿಯ ಸುದ್ದಿ ಒಂದು ವರ್ಷ ಬಂತು. ಕೊನೆಗೂ ಯಾರೂ ಬರಲಿಲ್ಲ.

ಓದಲು ಬಾರದ ಮನೆಗಳೂ ಇದ್ದವು. ಆ ಹನ್ನೆರಡು ಮನೆಗಳ ಹಾಳೆಯ ಹಿಂಬದಿಯಲ್ಲಿ ಪಿನ್ನಮ್ಮ ನೀಲಿ ಪೆನ್ಸಿಲ್ಲಿನಿಂದ ಚಿತ್ರ ಬರೆಯುತ್ತಿದ್ದರು. ಬೇಗ ಬಿಡುವ ದಿನವಾದರೆ ಮುಳ್ಳುಗಳಿರುವ ಗಡಿಯಾರ. ಹೇನಿನ ದಿನವಾದರೆ ಬಾಚಣಿಗೆ. ರಜೆಯಾದರೆ ಬೀಗ ಹಾಕಿದ ಗೇಟು. ಇದನ್ನು ಮಾಡು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಯಾವ ಮನೆಗೆ ಬೇಕು ಎಂದು ಅವರೇ ಕಂಡುಕೊಂಡಿದ್ದರು.

ನಮ್ಮಪ್ಪ ಟೈಲರ್. ಎಲ್ಲರೂ ಮಾಸ್ಟರ್ ಎನ್ನುತ್ತಾರೆ. ಅಂಗಡಿಗೆ ದಿನಾ ಪತ್ರಿಕೆ ತರಿಸುತ್ತಿದ್ದರು, ಬೆಳಿಗ್ಗೆ ಕಾಲು ಮೇಲೆ ಕಾಲು ಹಾಕಿಕೊಂಡು ಒಂದೊಂದೇ ಪುಟ ತಿರುವುತ್ತಿದ್ದರು. ಅವರಿಗೆ ಓದಲು ಬರುವುದಿಲ್ಲ ಎಂದು ಮನೆಯಲ್ಲಿ ಅಮ್ಮನಿಗೆ ಗೊತ್ತಿತ್ತು. ಅಮ್ಮನಿಗೂ ಬರುವುದಿಲ್ಲ. ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸಕ್ಕೆ ಹೋಗುತ್ತಾಳೆ, ಕೇಳಿದವರಿಗೆ ಬರಲ್ಲ ಎಂದು ನೇರವಾಗಿಯೇ ಹೇಳುತ್ತಾಳೆ. ಅಪ್ಪ ಹೇಳುತ್ತಿರಲಿಲ್ಲ. ಅಳತೆಯನ್ನು ಅಂಕಿಯಲ್ಲಿ ಬರೆದು, ಗಿರಾಕಿಯ ಹೆಸರಿನ ಬದಲು ಅವರ ಬಟ್ಟೆಯ ಒಂದು ಚೂರು ಕತ್ತರಿಸಿ ಆ ಚೀಟಿಗೆ ಪಿನ್ನು ಚುಚ್ಚುತ್ತಿದ್ದರು. ಒಮ್ಮೆಯೂ ಒಬ್ಬರ ಪ್ಯಾಂಟು ಇನ್ನೊಬ್ಬರಿಗೆ ಹೋಗಿಲ್ಲ.

ನಾನು ಒಂದನೇ ತರಗತಿಯಲ್ಲಿದ್ದಾಗ, ರಜೆಯ ದಿನ ಎರಡು ಸಲ ಅಪ್ಪ ನನ್ನನ್ನು ಶಾಲೆಗೆ ಕರೆದುಕೊಂಡು ಬಂದರು. ಎರಡನೇ ಸಲ ಗೇಟು ಒರೆಸುತ್ತಿದ್ದ ಪಿನ್ನಮ್ಮ ನಮ್ಮನ್ನು ನೋಡಿದರು. ಮುಂದಿನ ಶುಕ್ರವಾರ ನನ್ನ ಹಾಳೆಯ ಹಿಂದೆಯೂ ಚಿತ್ರ ಇತ್ತು. ಒಂದು ಬಾಚಣಿಗೆ.

ಅಪ್ಪ ಆ ಹಾಳೆಯನ್ನು ಕತ್ತರಿಯ ಕೆಳಗೆ ಇಟ್ಟಿದ್ದರು. ಎದುರಿನ ಸೈಕಲ್ ಅಂಗಡಿಯವರು ಅಂಗಿ ತೆಗೆದುಕೊಳ್ಳಲು ಬಂದವರು ಅದನ್ನು ಎತ್ತಿ ನೋಡಿದರು. ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಇದ್ದರು.

"ಏನ್ ಮಾಸ್ಟರ್, ನಿಮಗೂ ಬಾಚಣಿಗೆ ಕಾಗದನಾ? ಇದು ಅಕ್ಷರ ಬರದವರಿಗೆ ಕೊಡೋದಲ್ವಾ? ಬೆಳಿಗ್ಗೆ ಪೇಪರಲ್ಲಿ ಏನ್ ನೋಡ್ತೀರಿ ಮತ್ತೆ, ಚಿತ್ರನಾ?"

ಎಲ್ಲರೂ ನಕ್ಕರು. ಅಪ್ಪನೂ ನಕ್ಕರು. ಸೋಮವಾರ ಅವರು ನನ್ನ ಕೈ ಹಿಡಿದು ಎಳೆದುಕೊಂಡು ಶಾಲೆಗೆ ಬಂದರು.

"ನನ್ನನ್ನ ಏನಂದ್ಕೊಂಡಿದೀರಾ? ನನ್ನ ಮಗಳ ಎದೆ ಮೇಲೆ ನನ್ನ ಮರ್ಯಾದೆ ಚುಚ್ಚಿ ಕಳಿಸ್ತೀರಾ?" ಎಂದು ವರಾಂಡದಲ್ಲಿ ನಿಂತು ಕೂಗಾಡಿದರು. ಕಿಟಕಿಗಳಲ್ಲೆಲ್ಲ ಮಕ್ಕಳ ತಲೆ. ಪಿನ್ನಮ್ಮ ಪೊರಕೆ ಕೆಳಗಿಟ್ಟು, "ತಪ್ಪಾಯ್ತು ಅಣ್ಣ. ಹಾಳೆ ಅದಲುಬದಲಾಯ್ತು," ಎಂದರು. ಅದಲುಬದಲಾಗಿರಲಿಲ್ಲ. ಅದು ನನಗೂ ಗೊತ್ತಿತ್ತು.

ಇನ್ನು ಮುಂದೆ ಚಿತ್ರ ಬೇಡ ಎಂದು ದೊಡ್ಡ ಟೀಚರ್ ಹೇಳಿಬಿಟ್ಟರು. ಅಪ್ಪ ಹೋದ ಮೇಲೆ ನಮ್ಮ ಕ್ಲಾಸಿನ ಮಿಸ್, "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು," ಎಂದರು.

"ಸುಮ್ನಿರಿ ಮಿಸ್," ಎಂದರು ಪಿನ್ನಮ್ಮ. "ಮಗು ಇಲ್ಲೇ ಇದೆ."

ಮೂರು ವಾರ ಕಳೆಯಿತು. ನೀರಿನ ತೊಟ್ಟಿ ಒಡೆದಿತ್ತು. ಬುಧವಾರ ಹನ್ನೆರಡಕ್ಕೇ ಶಾಲೆ ಬಿಡುತ್ತೇವೆ, ಬಂದು ಕರೆದುಕೊಂಡು ಹೋಗಿ ಎಂದು ಹಾಳೆಯಲ್ಲಿತ್ತು. ಹಿಂದೆ ಗಡಿಯಾರ ಇರಲಿಲ್ಲ. ಬುಧವಾರ ಹನ್ನೆರಡಕ್ಕೆ ಉಳಿದೆಲ್ಲರ ಮನೆಯವರೂ ಬಂದರು. ಆ ಹನ್ನೆರಡು ಮನೆಯವರೂ ಅಕ್ಕಪಕ್ಕದವರನ್ನು ಕೇಳಿ ತಿಳಿದುಕೊಂಡು ಬಂದರು. ಕೇಳಲಾರದವರು ನಮ್ಮಪ್ಪ ಒಬ್ಬರೇ.

ನಾನು ಗೇಟಿನ ಕಂಬಿ ಹಿಡಿದು ನಿಂತೆ. ಪಿನ್ನಮ್ಮ ಮನೆಗೆ ಹೋಗಬೇಕಾದವರು ಚೀಲವನ್ನು ಮತ್ತೆ ಮೊಳೆಗೆ ನೇತುಹಾಕಿದರು. ತಮ್ಮ ಊಟದ ಡಬ್ಬಿಯಲ್ಲಿ ಅರ್ಧ ನನಗೆ ಕೊಟ್ಟರು. ಆಮೇಲೆ ಜೆರಾಕ್ಸಿನಲ್ಲಿ ಕೆಟ್ಟ ಹಾಳೆಗಳ ಹಿಂದೆ ಚಿತ್ರ ಬರೆಯಲು ಕಲಿಸಿದರು. ಮೊದಲು ಬಾಚಣಿಗೆ. "ಹಲ್ಲು ಎಣಿಸಬೇಡ. ಬಾಚಣಿಗೆ ಅಂತ ಗೊತ್ತಾದ್ರೆ ಸಾಕು." ಆಮೇಲೆ ಗಡಿಯಾರ. ಸಣ್ಣ ಮುಳ್ಳನ್ನು ದಪ್ಪಗೆ ಬರೆಯಬೇಕು, ಇಲ್ಲದಿದ್ದರೆ ಜನ ಗಲಿಬಿಲಿಗೊಳ್ಳುತ್ತಾರೆ. ಖಾಲಿ ಶಾಲೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಸೀಮೆಸುಣ್ಣದ ವಾಸನೆ, ಒದ್ದೆ ನೆಲದ ವಾಸನೆ, ಪಿನ್ನಮ್ಮನ ಸೀರೆಯ ಸೋಪಿನ ವಾಸನೆ ಈಗಲೂ ನೆನಪಿದೆ.

ಮೂರೂವರೆಗೆ ಸರಿಯಾಗಿ ಅಪ್ಪ ಬಂದರು. ಗೇಟಿನಲ್ಲಿ ಯಾರೂ ಇಲ್ಲ. ನೀರಿಲ್ಲದ ನಲ್ಲಿ ನೋಡಿದರು, ಬೀಗ ಹಾಕಿದ ಬಾಗಿಲುಗಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಎಲ್ಲಾ... ಯಾವಾಗ ಹೋದ್ರು?"

"ಈಗ್ತಾನೆ ಹೋದ್ರು ಅಣ್ಣ," ಎಂದರು ಪಿನ್ನಮ್ಮ. "ನಾನೇ ಇವಳನ್ನ ಚಿತ್ರ ಬರಿಯೋಕೆ ಇಟ್ಕೊಂಡಿದ್ದೆ. ಕೈ ಚೆನ್ನಾಗಿದೆ ನಿಮ್ಮ ಮಗಳದ್ದು."

ಅವರು ಹೇಳಿದ್ದು ಸುಳ್ಳು ಎಂದು ಅಪ್ಪನಿಗೆ ಗೊತ್ತಾಯಿತು. ಗೊತ್ತಾಯಿತು ಎಂದು ಪಿನ್ನಮ್ಮನಿಗೂ ಗೊತ್ತಾಯಿತು. ಅಪ್ಪ ನನ್ನ ಚೀಲವನ್ನು ಹೆಗಲಿಗೆ ಹಾಕಿಕೊಂಡರು. ದಾರಿಯುದ್ದಕ್ಕೂ ನನ್ನನ್ನು ಎತ್ತಿಕೊಂಡೇ ನಡೆದರು. ನಾನು ಆಗಲೇ ಎತ್ತಿಕೊಳ್ಳುವಷ್ಟು ಸಣ್ಣವಳಾಗಿರಲಿಲ್ಲ.

ಆ ವಾರದ ಹಾಳೆಯ ಹಿಂದೆ ಚಿತ್ರ ಇತ್ತು. ನನ್ನದರಲ್ಲಿ ಮಾತ್ರವಲ್ಲ, ನೂರಾ ಹದಿನೆಂಟರಲ್ಲೂ ಇತ್ತು. ಡಾಕ್ಟರ ಮಗನ ಹಾಳೆಯಲ್ಲೂ, ದೊಡ್ಡ ಟೀಚರ ಮೊಮ್ಮಗಳ ಹಾಳೆಯಲ್ಲೂ ಇತ್ತು. "ಚಿತ್ರ ಇದ್ರೆ ಮಕ್ಕಳು ಕಾಗದ ಹರಿಯಲ್ಲ, ದೊಡ್ಡ ಟೀಚರೇ. ಪ್ರೀತಿಯಿಂದ ಇಟ್ಕೋತಾವೆ," ಎಂದು ಹೇಳಿ ಪಿನ್ನಮ್ಮ ಒಪ್ಪಿಸಿದ್ದರಂತೆ. ಗುರುವಾರ ಮಧ್ಯಾಹ್ನವೆಲ್ಲ ಕೂತು ಖಾಲಿ ಹಾಳೆಗಳ ಮೇಲೆ ಒಂದೊಂದನ್ನೂ ಕೈಯಲ್ಲೇ ಬರೆದಿದ್ದರು, ಶುಕ್ರವಾರ ಅವುಗಳ ಇನ್ನೊಂದು ಬದಿಗೆ ಸುದ್ದಿ ಜೆರಾಕ್ಸ್ ಆಯಿತು. ಅವರ ಬೆರಳು ನೀಲಿಯಾಗಿತ್ತು. ಎರಡು ವರ್ಷದ ಮೇಲೆ ಚಿತ್ರವನ್ನೂ ಯಂತ್ರದಲ್ಲಿ ತೆಗೆಯಲು ಶುರುಮಾಡಿದರು. ಈಗ ಸುದ್ದಿ ಫೋನಿಗೂ ಬರುತ್ತದೆ, ಆದರೆ ಚಿತ್ರ ಬರುವುದು ಹಾಳೆಯಲ್ಲೇ.

ಅಪ್ಪ ಕ್ಷಮೆ ಕೇಳಲಿಲ್ಲ. ಆ ತಿಂಗಳು ನನ್ನ ಕೈಯಲ್ಲಿ ಒಂದು ಡಬ್ಬಿ ಪಿನ್ನು ಕಳಿಸಿದರು. "ಅಂಗಡೀಲಿ ಉಳಿದಿತ್ತು ಅಂತ ಹೇಳು. ಬೇರೆ ಏನೂ ಹೇಳ್ಬೇಡ." ಪಿನ್ನಮ್ಮ ಡಬ್ಬಿ ತೆರೆದು ಒಂದು ಪಿನ್ನನ್ನು ಬೆಳಕಿಗೆ ಹಿಡಿದರು. "ಒಂದಕ್ಕೂ ತುಕ್ಕಿಲ್ಲ. ಹಾಗಂತ ಹೇಳು ನಿಮ್ಮಪ್ಪನಿಗೆ." ಅಲ್ಲಿಂದ ಪ್ರತಿ ಮೂರು ತಿಂಗಳಿಗೊಮ್ಮೆ ಒಂದು ಡಬ್ಬಿ. ಈಗ ತಂಗಿ ಒಯ್ಯುತ್ತಾಳೆ. ಅಂಗಡಿಯಲ್ಲಿ ಅಷ್ಟೊಂದು ಪಿನ್ನು ಹೇಗೆ ಉಳಿಯುತ್ತದೆ ಎಂದು ಇಷ್ಟು ವರ್ಷ ಯಾರೂ ಕೇಳಿಲ್ಲ.

ಹೈಸ್ಕೂಲಿನಲ್ಲಿ ಎದ್ದು ನಿಂತು ಓದು ಎನ್ನುತ್ತಾರೆಂದು ನಾನು ಮುಂದಿನ ಬೆಂಚಿನವರ ಹಿಂದೆ ಬಗ್ಗಿ ಕೂರುತ್ತಿದ್ದೆ. ಎರಡು ಸಲ ಫೇಲಾದ ಮೇಲೆ ನಾನಾಗಿಯೇ ಬಿಟ್ಟೆ. ಅಪ್ಪ ಬೈಯಲಿಲ್ಲ, ಎರಡು ದಿನ ಊಟ ಮಾಡಲಿಲ್ಲ ಅಷ್ಟೇ.

ಹೋದ ಶುಕ್ರವಾರದ ಹಾಳೆಯನ್ನು ನಾನು ಓದಿ ಹೇಳಿದಾಗ ಅಪ್ಪ ಮಿಷನ್ ತುಳಿಯುವುದನ್ನು ನಿಲ್ಲಿಸಿದರು.

"ಹೋಗ್ಬಿಡ್ತಾರಾ ಅವರು?" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ನಾನು ಹೇಳ್ತೀನಿ, ನೀನು ಬರಿ. ಅವತ್ತು ನಾನು ಕೂಗಾಡಿದ್ದು ತಪ್ಪು. ನನಗೆ ಓದೋಕೆ ಬರಲ್ಲ. ಅವರಿಗದು ಗೊತ್ತಿತ್ತು, ಒಬ್ಬರಿಗೂ ಹೇಳಲಿಲ್ಲ."

"ಹಾಳೇಲಿ ಬಂದ್ರೆ ಎಲ್ಲಾರೂ ಓದ್ತಾರಪ್ಪ. ಸೈಕಲ್ ಅಂಗಡಿಯವರೂ ಓದ್ತಾರೆ."

"ಓದಲಿ ಬಿಡು," ಎಂದರು. "ನಾನೊಬ್ಬನೇ ತಾನೇ ಓದದೇ ಇರೋನು."

ಅಪ್ಪ ಹೇಳಿದಷ್ಟನ್ನು ಹೇಳಿದ ಹಾಗೇ ಬರೆದಿದ್ದೇನೆ. ಕೊನೆಯ ಶುಕ್ರವಾರ ಮೂರೂಕಾಲಿಗೆ ಅವರೇ ಗೇಟಿಗೆ ಬರುತ್ತಾರೆ, ಪಿನ್ನಿನ ಡಬ್ಬಿಯನ್ನು ತಾವೇ ಕೊಡುತ್ತಾರಂತೆ.

ಹಾಳೆಯ ಹಿಂದೆ ಇನ್ನು ಮೇಲೆ ಚಿತ್ರ ಬರೆಯುವವರು ಯಾರು ಎಂದು ದೊಡ್ಡ ಟೀಚರನ್ನು ಕೇಳಿದೆ. ಯಾರೂ ಇಲ್ಲ ಎಂದರು. ಪಿನ್ನಮ್ಮ ನಿವೃತ್ತರಾದ ಮುಂದಿನ ವಾರದಿಂದ, ಪ್ರತಿ ಗುರುವಾರ ಎರಡು ಗಂಟೆಗೆ ನಾನು ಶಾಲೆಗೆ ಬಂದು ಬರೆದುಕೊಡುತ್ತೇನೆ.